ಆನಗೋಡಿನ ಅಮೀರ್ ಜಾನ್

ವಿದ್ಯಾರ್ಥಿ ನಿಲಯ, ದಾವಣಗೆರೆ
೨-೨-೧೯೭೯

ನ್ಯೂ ತುಂಗಾ ಬ್ಯಾಂಡ್ ಸೆಟ್‌ನ ಮಾಲೀಕರೂ ನನ್ನ ಉಸ್ತಾದರೂ ಆದ ಗೌಸ್ ಪೀರ್ ಸಾಹೇಬರಿಗೆ ಶಬ್ಬೀರನ ಸಲಾಮುಗಳು.

ಎದುರಿಗೆ ನಿಂತು ಹೇಳಬೇಕಾದ ಮಾತನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಹೋದ ವಾರ ಮಲೇಬೆನ್ನೂರಿನ ಮದುವೆ ಮುಗಿಸಿ ವಾದ್ಯ ಒರೆಸುತ್ತಿದ್ದಾಗ ಹೇಳಲೆಂದು ಬಾಯಿ ತೆರೆದೆ. ನೀವು "ಮೊದ್ಲು ಚಾ ಕುಡಿ ಬಾರೋ" ಅಂದಿರಿ. ಚಾ ಕುಡಿದು ಬಂದುಬಿಟ್ಟೆ.

ನನ್ನದು ಬಿ.ಕಾಂ. ಕೊನೆಯ ವರ್ಷ. ಒಂದು ಮದುವೆಗೆ ಬಂದರೆ ಸಂಜೆಯ ಮೆರವಣಿಗೆ, ಮರುದಿನದ ಮುಹೂರ್ತ, ಬೀಗರನ್ನು ಕಳಿಸುವುದು, ಇಷ್ಟು ಮುಗಿಯುವುದರಲ್ಲಿ ತರಗತಿಗಳೆಲ್ಲ ತಪ್ಪುತ್ತವೆ. ಮೊನ್ನೆ ಪ್ರಿನ್ಸಿಪಾಲರು ಕರೆಸಿ, ಇನ್ನು ಹಾಜರಿ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. ಕಳೆದ ವರ್ಷ ಒಂದು ವಿಷಯ ಉಳಿದುಕೊಂಡದ್ದು ನಿಮಗೆ ಗೊತ್ತು. ಅದು ಬಾರದ ವಿಷಯವಲ್ಲ. ಪ್ರಶ್ನೆಪತ್ರಿಕೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ.

ಆದ್ದರಿಂದ ಯುಗಾದಿಯಿಂದಾಚೆಗೆ ನನ್ನನ್ನು ಕ್ಲಾರಿನೆಟ್ ಕೆಲಸದಿಂದ ಬಿಡುಗಡೆ ಮಾಡಬೇಕೆಂದು ವಿನಯದಿಂದ ಕೇಳಿಕೊಳ್ಳುತ್ತೇನೆ. ಈ ನಾಲ್ಕು ವರ್ಷ ನೀವು ನನ್ನನ್ನು ಮನೆಯ ಹುಡುಗನಂತೆ ನೋಡಿಕೊಂಡಿರಿ. ಅದನ್ನು ಮರೆತು ಬರೆಯುತ್ತಿಲ್ಲ.

ತಮ್ಮ ವಿಧೇಯ,
ಶಬ್ಬೀರ್

*

ಹರಿಹರ
೮-೨-೧೯೭೯

ಶಬ್ಬೀರನಿಗೆ ದುವಾ.

ನಿನ್ನ ಕಾಗದ ಓದಿದೆ. ಎಷ್ಟು ಮರ್ಯಾದೆಯಿಂದ ಬರೆದಿದ್ದೀಯ ಅಂದರೆ ಬೈಯುವುದಕ್ಕೆ ಎಲ್ಲೂ ಜಾಗ ಸಿಗಲಿಲ್ಲ. ಉತ್ತರ ತಡವಾದದ್ದು ಅದನ್ನು ಹುಡುಕುತ್ತಿದ್ದುದರಿಂದ.

ಓದು. ಬೇಡ ಅನ್ನುವುದಕ್ಕೆ ನಾನು ಯಾರು? ಆದರೆ ನಮ್ಮ ಸೆಟ್ಟಿನ ಕಟ್ಟಳೆ ನಿನಗೆ ತಿಳಿದದ್ದೇ. ಬಿಡುವವನು ಬದಲಿ ಆಳು ಕೊಟ್ಟು ಬಿಡಬೇಕು. ಅದನ್ನು ಮಾಡಿದವನು ನಾನಲ್ಲ, ನಿಮ್ಮಪ್ಪ. ಡಾಕ್ಟರು ಊದಬೇಡ ಎಂದು ಹೇಳಿದ ಮರುದಿನ ನಿನ್ನನ್ನು ಕೈಹಿಡಿದು ಕರೆದುಕೊಂಡು ಬಂದ. "ಹೋಗ್ಲಿ ಬಿಡು ಮಕ್ತುಮ್, ಹುಡುಗ ಇನ್ನೂ ಓದಾವ" ಅಂದೆ. ಅವನು ಕೇಳಲಿಲ್ಲ. "ನಾನು ಹಾಕಿದ ಕಾನೂನು ನಾನೇ ಮುರಿಯಾದು ಬ್ಯಾಡ. ತಗೊಳ್ರಿ, ನನ್ನ ಬದಲಿ" ಅಂದ. ಅವತ್ತು ನಿನ್ನ ತುಟಿಯ ಮೇಲೆ ಮೀಸೆ ಕೂಡ ಬಂದಿರಲಿಲ್ಲ.

ಡೊಳ್ಳು ಬಡಿಯುವವನು ಬರದಿದ್ದರೆ ಇನ್ನೊಬ್ಬನನ್ನು ದಾರಿಯಲ್ಲೇ ಹಿಡಿದು ತರಬಹುದು. ಕ್ಲಾರಿನೆಟ್ ಇಲ್ಲದಿದ್ದರೆ ಉಳಿದವರೆಲ್ಲ ಜರಿ ಕೋಟು ಹಾಕಿಕೊಂಡು ರಸ್ತೆಯಲ್ಲಿ ಸುಮ್ಮನೆ ನಿಲ್ಲಬೇಕು. ಹಾಡು ಹಿಡಿಯುವುದು ನೀನು, ನಿನ್ನ ಹಿಂದೆ ನಾವು. ಯುಗಾದಿಯಿಂದ ಆಷಾಢದವರೆಗೆ ಮಾತು ಕೊಟ್ಟಾಗಿದೆ. ಈ ಮೂರು ತಿಂಗಳ ದುಡಿಮೆಯಲ್ಲೇ ಎಲ್ಲರ ಮನೆ ವರ್ಷವಿಡೀ ನಡೆಯಬೇಕು.

ಒಬ್ಬನನ್ನು ಹುಡುಕಿಕೊಡು. ನಿನ್ನಷ್ಟು ಚೆನ್ನಾಗಿ ಊದದಿದ್ದರೂ ಸರಿ. ಆಮೇಲೆ ನೀನು ಜಿಲ್ಲಾಧಿಕಾರಿಯಾದರೂ ನನ್ನ ಅಡ್ಡಿಯಿಲ್ಲ.

ಗೌಸ್ ಪೀರ್

*

ದಾವಣಗೆರೆ
೧೦-೨-೧೯೭೯

ಪ್ರೀತಿಯ ಅಬ್ಬಾಗೆ ಸಲಾಮು.

ಉಸ್ತಾದರ ಉತ್ತರ ಬಂತು. ಬದಲಿ ಕೊಡದೆ ಬಿಡುವಂತಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಹೇಳುವುದು ಸರಿಯಾಗಿಯೇ ಇದೆ. ಆದರೆ ಎಲ್ಲಿಂದ ತರಲಿ? ಇಲ್ಲಿನ ಎರಡು ಬ್ಯಾಂಡುಗಳಲ್ಲಿ ವಿಚಾರಿಸಿದೆ, ನಕ್ಕರು. ರಾಣೆಬೆನ್ನೂರಿನ ಒಬ್ಬರಿಗೆ ಬರೆದಿದ್ದೆ, ಅವರೂ ಬೇರೊಂದು ಸೆಟ್ಟಿಗೆ ಒಪ್ಪಿಕೊಂಡಿದ್ದಾರಂತೆ. ಮದುವೆ ಕಾಲದಲ್ಲಿ ಕ್ಲಾರಿನೆಟ್ಟಿನವನು ಖಾಲಿ ಸಿಗುವುದೆಂದರೇನು?

ಯುಗಾದಿಯೊಳಗೆ ಯಾರೂ ಸಿಗದಿದ್ದರೆ ಈ ವರ್ಷ ಪರೀಕ್ಷೆ ಬಿಟ್ಟುಬಿಡುತ್ತೇನೆ. ಮುಂದಿನ ವರ್ಷ ಕೂತರಾಯಿತು. ನೀವು ಇದಕ್ಕಾಗಿ ಉಸ್ತಾದರ ಬಳಿ ಹೋಗಿ ಬೇಡಿಕೊಳ್ಳುವುದು ಬೇಡ. ನನಗೆ ಅದು ಇಷ್ಟವಿಲ್ಲ.

ಕೆಮ್ಮು ಹೇಗಿದೆ? ಛತ್ರಿ ರಿಪೇರಿಗೆ ಮಳೆಗಾಲದವರೆಗೆ ಯಾರೂ ಬರುವುದಿಲ್ಲ, ಅಂಗಡಿಯಲ್ಲಿ ಕೂತು ಧೂಳು ಕುಡಿಯಬೇಡಿ. ಜಿನ್ನಿಂಗ್ ಮಿಲ್ಲಿನಲ್ಲಿ ಕುಡಿದ ಹತ್ತಿ ಧೂಳೇ ಸಾಕು. ಅಮ್ಮಿಗೂ ದಿಲ್ಷಾದಳಿಗೂ ಸಲಾಮು ತಿಳಿಸಿ.

ನಿಮ್ಮ ಮಗ,
ಶಬ್ಬೀರ್

*

ಹರಿಹರ
೧೩-೨-೧೯೭೯

ಗೌಸ್ ಭಾಯಿಗೆ ಮಕ್ತುಮ್ ಮಾಡುವ ಸಲಾಮು. ಇದನ್ನು ಡ್ರಮ್ಮಿನ ಉಜ್ಜನಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ನೀನು ಕೂಗಾಡುತ್ತೀಯ, ಬೀದಿಗೆಲ್ಲ ಕೇಳುತ್ತದೆ.

ಬದಲಿ ಸಿಕ್ಕಿದ್ದಾನೆ. ನಾನೇ.

ಡಾಕ್ಟರು ಹೇಳಿದ್ದು ನಿನ್ನ ಮುಂದೆಯೇ ಅಲ್ಲವೇ? ಊದಿದರೆ ಎದೆ ಉಳಿಯುವುದಿಲ್ಲ ಎಂದರು. ಊದದೆಯೂ ಅದು ಬಹಳ ದಿನದ್ದಲ್ಲ ಎಂದು ಅವರ ಮುಖ ಹೇಳುತ್ತಿತ್ತು. ಇರುವಷ್ಟು ಉಸಿರನ್ನು ಛತ್ರಿ ಕಡ್ಡಿಯ ಮುಂದೆ ಕೂತು ಮುಗಿಸುವುದಕ್ಕಿಂತ ಮಗನಿಗೆ ಕೊಡುತ್ತೇನೆ. ಒಂದೇ ಒಂದು ಸೀಸನ್ನು. ಆಷಾಢ ಬಂದರೆ ಅವನು ಡಿಗ್ರಿಯವನು. ಹುಡುಗನನ್ನು ಓದಿನ ನಡುವೆ ಎಳೆದು ತಂದು ನಿನ್ನ ಸೆಟ್ಟಿಗೆ ಕೊಟ್ಟವನು ನಾನು, ಬಿಡಿಸಿಕೊಳ್ಳಬೇಕಾದವನೂ ನಾನೇ.

ಅವನಿಗೆ ಗೊತ್ತಾಗಬಾರದು. ಗೊತ್ತಾದರೆ ಪುಸ್ತಕ ಬಿಸಾಕಿ ಬಂದುಬಿಡುತ್ತಾನೆ. ಆನಗೋಡಿನ ಅಮೀರ್ ಜಾನ್ ಎಂದು ಹೆಸರು ಬರೆಯುತ್ತೇನೆ. ಆ ಹೆಸರಿನವನೊಬ್ಬ ಇದ್ದಾನೆ, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ಮೊಹರಂನಲ್ಲಿ ಮೌರಿ ಊದುತ್ತಾನೆ. ಕ್ಲಾರಿನೆಟ್ಟನ್ನು ಮುಟ್ಟಿಯೂ ನೋಡಿದವನಲ್ಲ. ಶಬ್ಬೀರ್ ಕೇಳಿದರೆ ಹೌದು ಅಂದುಬಿಡು. ಸುಳ್ಳಿನ ಪಾಪ ನನಗಿರಲಿ.

ನಿನ್ನ ಮಕ್ತುಮ್

*

ಹರಿಹರ
೧೪-೨-೧೯೭೯

ಮಗ ಶಬ್ಬೀರನಿಗೆ ಆಶೀರ್ವಾದ.

ಚಿಂತೆ ಬಿಡು. ಆಳು ಸಿಕ್ಕಿದ. ಆನಗೋಡಿನ ಅಮೀರ್ ಜಾನ್ ಅಂತ, ಹಳೆಯ ಊದುಗಾರ. ಗೌಸ್ ಭಾಯಿ ಕೇಳಿ ಒಪ್ಪಿದ್ದಾನೆ. ಇನ್ನು ನಿನಗೂ ಬ್ಯಾಂಡಿಗೂ ಬಾಕಿ ಏನೂ ಇಲ್ಲ.

ಪರೀಕ್ಷೆ ಮುಗಿಯುವವರೆಗೆ ಊರಿಗೆ ಬರಬೇಡ. ಬಂದರೆ ನಿನ್ನಮ್ಮ ತಿನ್ನಿಸಿ ಮಲಗಿಸುತ್ತಾಳೆ, ಗೆಳೆಯರು ಹೊಳೆಗೆ ಎಳೆಯುತ್ತಾರೆ. ನನ್ನ ಕೆಮ್ಮು ಚೆನ್ನಾಗಿದೆ. ಅದಕ್ಕೇನು, ಅದು ಯಾವಾಗಲೂ ಚೆನ್ನಾಗಿಯೇ ಇರುತ್ತದೆ, ಕಷ್ಟ ನನಗೆ.

ನಿನ್ನ ಅಬ್ಬಾ,
ಮಕ್ತುಮ್ ಸಾಬ್

*

ದಾವಣಗೆರೆ
೨೦-೩-೧೯೭೯

ಉಸ್ತಾದರಿಗೆ ಸಲಾಮು.

ನೀವು ನನ್ನನ್ನು ಬಿಟ್ಟುಕೊಟ್ಟ ರೀತಿಗೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯುತ್ತಿಲ್ಲ. ಒಂದು ತರಗತಿಯೂ ತಪ್ಪಿಲ್ಲ. ರೂಮಿನ ಕರಿಬಸವರಾಜನೂ ನಾನೂ ಪಾಳಿಯ ಮೇಲೆ ಓದುತ್ತೇವೆ, ಒಬ್ಬ ತೂಕಡಿಸಿದರೆ ಇನ್ನೊಬ್ಬ ನೀರು ಚಿಮುಕಿಸುತ್ತಾನೆ. ನೆಮ್ಮದಿಯಾಗಿದ್ದೇನೆ. ಹೀಗೆ ಹೇಳಿಕೊಳ್ಳಲು ಸ್ವಲ್ಪ ಸಂಕೋಚವಾಗುತ್ತದೆ, ಆದರೆ ನಿಜ.

ಅಮೀರ್ ಜಾನ್ ಅವರಿಗೆ ನನ್ನ ಸಲಾಮು ತಿಳಿಸಬೇಕು. ವಾದ್ಯ ಅಬ್ಬಾನದು, ಹಳೆಯದು. ಎಡಗೈ ಕಿರುಬೆರಳಿನ ಕೀಲಿ ಅಂಟಿಕೊಳ್ಳುತ್ತದೆ, ಊದುವ ಮೊದಲು ಅದನ್ನು ಬಟ್ಟೆಯಿಂದ ಒರೆಸಲಿ. ಮೇಲಿನ ಸ್ವರಕ್ಕೆ ಬಹಳ ದಮ್ಮು ಬೇಕು, ಎದೆ ಗಟ್ಟಿ ಇರಲಿ ಎಂದು ಹೇಳಿ. ಪರಿಚಯವಿಲ್ಲದವನ ಉಪದೇಶ ಎಂದು ಬೇಸರ ಮಾಡಿಕೊಳ್ಳದಿರಲಿ.

ವಿಧೇಯ,
ಶಬ್ಬೀರ್

*

ಹರಿಹರ
೧೨-೪-೧೯೭೯

ಅಣ್ಣನಿಗೆ ದಿಲ್ಷಾದ್ ಮಾಡುವ ಸಲಾಮು.

ಅಮ್ಮಿ ಪಕ್ಕದಲ್ಲಿ ಕೂತು ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಅವಳು ಹೇಳಿದ್ದರಲ್ಲಿ ಅರ್ಧ ಬರೆಯಬೇಡ ಎಂದು ಅಬ್ಬಾ ಹೊರಗಿನಿಂದ ಹೇಳುತ್ತಿದ್ದಾರೆ. ಆದ್ದರಿಂದ ಕಾಗದ ಚಿಕ್ಕದು.

ನಿನ್ನ ಬ್ಯಾಂಡಿನ ಕೋಟನ್ನು ಅಮ್ಮಿ ಹೆಗಲಿನಲ್ಲಿ ಹಿಡಿದು ಹೊಲಿದಳು. ಅಮೀರ್ ಜಾನ್ ನಿನಗಿಂತ ಸಣಕಲು. ಹೊಲಿಯುವಾಗ ಅಮ್ಮಿ ಅತ್ತಳು. ಯಾಕೆ ಎಂದು ಕೇಳಬೇಡ, ಯುಗಾದಿ ರಜೆಗೂ ನೀನು ಬರಲಿಲ್ಲವಲ್ಲ, ಅದಕ್ಕೇ ಇರಬಹುದು.

ಅಬ್ಬಾ ಮಧ್ಯಾಹ್ನ ಅಂಗಡಿ ಮುಚ್ಚಿ ಹೊಳೆಯ ಕಡೆ ಹೋಗುತ್ತಾರೆ. ಗಾಳಿಗೆ ಎನ್ನುತ್ತಾರೆ. ಸಂಜೆ ಬಂದು ಮಂಚದ ಮೇಲೆ ಒರಗುತ್ತಾರೆ. ಚೆನ್ನಾಗಿದ್ದಾರೆ ಎಂದು ಬರೆ ಅಂದರು, ಬರೆದಿದ್ದೇನೆ.

ನೀನು ಬೇಗ ಪರೀಕ್ಷೆ ಮುಗಿಸು ಅಣ್ಣ. ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ.

ದಿಲ್ಷಾದ್

*

ದಾವಣಗೆರೆ
೩೦-೪-೧೯೭೯

ಅಬ್ಬಾ,

ನಿನ್ನೆ ಸಂಜೆ ಪಿ.ಜೆ. ಬಡಾವಣೆಯಲ್ಲಿ ಕರಿಬಸವರಾಜನ ಅಕ್ಕನ ಮದುವೆ ಮೆರವಣಿಗೆ ಇತ್ತು. ಓದುವುದಿದೆ ಎಂದರೂ ಅವನು ಬಿಡಲಿಲ್ಲ. "ನಿಮ್ಮೂರ ಬ್ಯಾಂಡೇ ಬಂದೈತಲೇ. ನಿನ್ನ ಜಾಗದಾಗ ಊದೋನು ಹೆಂಗದಾನ ನೋಡಾದು ಬ್ಯಾಡೇನು?" ಅಂದ. ಆನಗೋಡಿನವರಿಗೆ ಒಂದು ಸಲಾಮು ಹೇಳಿ ಬರೋಣ ಎಂದು ಹೊರಟೆ.

ತಿರುವಿನಲ್ಲೇ ಕೇಳಿಸಿತು. ನೋಡುವುದಕ್ಕೆ ಮೊದಲೇ ನನಗೆ ಗೊತ್ತಾಗಿಹೋಯಿತು. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಊದು ಅಬ್ಬಾ, ಅದನ್ನು ಬೇರೆ ಯಾರದೋ ಎಂದು ಹೇಗೆ ಅಂದುಕೊಳ್ಳಲಿ? ಹಾಡಿನ ಎರಡನೇ ಸಾಲಿನ ನಡುವೆ ಕ್ಲಾರಿನೆಟ್ ನಿಂತಿತು. ಉಜ್ಜನಪ್ಪ ಮಾಮ ಜೋರಾಗಿ ಡ್ರಮ್ಮು ಬಡಿದು ಮುಚ್ಚಿಹಾಕಿದರು. ಮತ್ತೆ ಹಿಡಿದಿರಿ. ಮೇಲಿನ ಸ್ವರದ ಹತ್ತಿರ ಮತ್ತೆ ನಿಂತಿತು.

ಗ್ಯಾಸ್ ಲೈಟಿನ ಬೆಳಕಿನಲ್ಲಿ ನಿಮ್ಮ ಬೆನ್ನು ಕಂಡಿತು, ನನ್ನ ಕೋಟಿನೊಳಗೆ. ಹುಡುಗಿಯ ಅಜ್ಜಿ ಕಸ್ತೂರಮ್ಮನವರು "ಆ ವಯಸ್ಸಾದವ್ರಿಗೆ ಯಾರಾರ ನೀರು ಕೊಡ್ರಪ್ಪ, ಉಸುರು ಹತ್ತವಲ್ದು" ಅಂದರು. ನನ್ನ ಪಕ್ಕದಲ್ಲೇ ನೀರಿನ ಬಿಂದಿಗೆ ಇತ್ತು. ನಾನು ಲೈಟು ಹೊತ್ತವನ ಹಿಂದೆ ಸರಿದು ನಿಂತೆ. ಬೇರೆ ಯಾರೋ ಕೊಟ್ಟರು. ನೀವು ಕುಡಿದು, ಅವರಿಗೆ ಕೈಮುಗಿದು, ಮತ್ತೆ ಊದಿದಿರಿ.

ಮುಂದೆ ಬಂದು ನಿಮ್ಮ ಕೈಯಿಂದ ಅದನ್ನು ಕಿತ್ತುಕೊಳ್ಳಬೇಕಾಗಿತ್ತು. ನನಗೆ ನಾಚಿಕೆಯಾಯಿತು, ನಿಮ್ಮ ಬಗ್ಗೆ ಅಲ್ಲ, ನನ್ನ ಬಗ್ಗೆಯೇ. ಹಾಸ್ಟೆಲ್ಲಿಗೆ ಬಂದು ಪುಸ್ತಕ ತೆರೆದೆ. ಇವತ್ತು ಬೆಳಿಗ್ಗೆ ಕಾಸ್ಟಿಂಗ್ ಪೇಪರು. ಚೆನ್ನಾಗಿ ಬರೆದೆ. ಚೆನ್ನಾಗಿ ಬರೆದೆ ಎನ್ನುವುದನ್ನೇ ನಿಮಗೆ ಹೇಳಲು ಕಷ್ಟವಾಗುತ್ತಿದೆ.

ಇನ್ನೂ ಮೂರು ಪೇಪರು ಉಳಿದಿವೆ. ನೀವು ಬಾ ಎಂದು ಒಂದು ಮಾತು ಬರೆದರೆ ಎಲ್ಲ ಬಿಟ್ಟು ಬರುತ್ತೇನೆ.

ಶಬ್ಬೀರ್

*

ಹರಿಹರ
೨-೫-೧೯೭೯

ಮಗನಿಗೆ,

ಬರಬೇಡ. ನೀನು ಕೇಳಿದ ಒಂದು ಮಾತು ಇದೇ.

ಅವತ್ತು ನಿನ್ನನ್ನು ನಾನೂ ನೋಡಿದೆ. ಮುಂದೆ ಬರದಿದ್ದರೆ ಸಾಕಪ್ಪಾ ಎಂದು ಅಲ್ಲಾನನ್ನು ಬೇಡಿಕೊಂಡೇ ಊದಿದೆ. ನೀನು ಬಂದು ಕಿತ್ತುಕೊಂಡಿದ್ದರೆ ಫೆಬ್ರವರಿಯಿಂದ ನಾನು ಪಟ್ಟದ್ದೆಲ್ಲ ಆ ರಸ್ತೆಯಲ್ಲೇ ಮಣ್ಣಾಗುತ್ತಿತ್ತು. ಹಿಂದೆ ಸರಿದೆಯಲ್ಲ, ಅದು ನನಗೆ ನೀನು ಕೊಟ್ಟ ನೀರು ಅಂದುಕೊಂಡಿದ್ದೇನೆ.

ಬರುವವನು ಬರಲೋ ಎಂದು ಕೇಳುವುದಿಲ್ಲ ಮಗಾ. ಕೇಳಿದೆ ಅಂದರೆ ನಿನ್ನ ಮನಸ್ಸು ಪೇಪರಿನಲ್ಲಿದೆ. ಇರಲಿ. ಅಲ್ಲೇ ಇರಬೇಕು. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ಸಂತೋಷದಿಂದ ಬರೆಯುತ್ತಿದ್ದೇನೆ. ನಂಬು.

ಕೊನೆಯ ಪೇಪರು ಮುಗಿದ ದಿನ ಬಸ್ಸು ಹತ್ತಿ ಬಾ. ಅಲ್ಲಿಯವರೆಗೆ ಈ ಕಡೆ ತಲೆ ಹಾಕಿದರೆ ನನ್ನ ಆಣೆ.

ನಿನ್ನ ಅಬ್ಬಾ

*

ಹರಿಹರ
೧೮-೫-೧೯೭೯

ಅಣ್ಣ,

ನಿನ್ನ ಕೊನೆಯ ಪೇಪರು ಇವತ್ತು ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂದು ಗೊತ್ತು. ಆದ್ದರಿಂದ ಇವತ್ತು ಬರೆಯುತ್ತಿದ್ದೇನೆ. ಉಜ್ಜನಪ್ಪ ಮಾಮ ಕಾಲೇಜಿನ ಗೇಟಿನಲ್ಲಿ ನಿಂತಿದ್ದು, ನೀನು ಹೊರಗೆ ಬಂದ ಮೇಲೆಯೇ ಇದನ್ನು ಕೊಡಬೇಕು, ಒಂದು ಗಳಿಗೆಯೂ ಮೊದಲು ಕೊಡಬಾರದು ಎಂದು ಅಬ್ಬಾ ಹೇಳಿದ್ದಾರೆ. ಹೇಳಿದ್ದು ಬಾಯಿಂದಲ್ಲ, ಕೈಸನ್ನೆಯಿಂದ. ದನಿ ಹೋಗಿದೆ.

ಹೋದ ವಾರ ಮಾಲತೇಶಪ್ಪನವರ ಮನೆ ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳುವಾಗ ಬಾಯಿಂದ ರಕ್ತ ಬಂತಂತೆ. ಕೋಟಿನ ತೋಳಿಗೆ ಒರೆಸಿಕೊಂಡು ಹಾಡು ಮುಗಿಸಿದರಂತೆ. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕುಸಿದರು. ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದಿದ್ದೆವು. ನಿನ್ನ ಹಾಸ್ಟೆಲ್ಲಿನ ಮುಂದೆಯೇ ಹೋದೆವು ಅಣ್ಣ. ಅಮ್ಮಿ "ಗಾಡಿ ನಿಲ್ಲಿಸ್ರಿ, ಹುಡುಗನ್ನ ಕರೀರಿ" ಎಂದು ಅತ್ತಳು. ಅಬ್ಬಾ ಅವಳ ಕೈ ಹಿಡಿದು "ಪೇಪರ್ ಐತೆ" ಅಂದರು. ಅವರ ಬಾಯಿಂದ ಬಂದ ಕೊನೆಯ ಮಾತು ಅದು.

ಇನ್ನು ಏನೂ ಮಾಡುವ ಹಾಗಿಲ್ಲ ಎಂದು ಮನೆಗೆ ಕಳಿಸಿದರು. ಮಲಗಿದಲ್ಲೇ ಬೆರಳುಗಳು ಮಂಚದ ಪಟ್ಟಿಯ ಮೇಲೆ ಆಡುತ್ತಿರುತ್ತವೆ. ನೋಡುವುದಕ್ಕೆ ಎಂದು ಒಬ್ಬರಲ್ಲ ಒಬ್ಬರು ಬಂದು ಪಕ್ಕದಲ್ಲಿ ಕೂತಿರುತ್ತಾರೆ. ಬೆರಳು ಆಡುವುದು ಜ್ವರಕ್ಕೆ ಎನ್ನುತ್ತಾಳೆ ಅಮ್ಮಿ.

ಈಗ ಬಾ. ಸಾಮಾನು ತರಲು ಆಮೇಲೆ ಹೋದರಾಯಿತು.

ದಿಲ್ಷಾದ್

*

ಹರಿಹರ
೧೪-೭-೧೯೭೯

ಉಸ್ತಾದರಿಗೆ ಶಬ್ಬೀರನ ಸಲಾಮು.

ಅಬ್ಬಾ ತೀರಿಕೊಂಡ ನಲವತ್ತನೇ ದಿನದ ಫಾತಿಹಾಕ್ಕೆ ನೀವೂ ಸೆಟ್ಟಿನವರೆಲ್ಲರೂ ಬಂದಿರಿ. ಅವತ್ತು ಮಾತಾಡಲಾಗಲಿಲ್ಲ. ಎರಡೇ ಓಣಿ ದಾಟಿದರೆ ನಿಮ್ಮ ಮನೆ. ಆದರೂ ಕಾಗದವನ್ನೇ ಬರೆಯುತ್ತಿದ್ದೇನೆ. ಕಾಗದ ಬರೆದು ಸೆಟ್ಟು ಬಿಟ್ಟವನು ಕಾಗದ ಬರೆದೇ ಮರಳಿ ಬರಬೇಕು ಅನ್ನಿಸಿತು.

ರಿಸಲ್ಟ್ ಬಂತು. ಪಾಸಾಗಿದ್ದೇನೆ. ಎರಡನೇ ದರ್ಜೆ. ಅಮ್ಮಿಗೆ ಹೇಳಿದೆ, ಅವಳು ಎದ್ದು ಒಳಗೆ ಹೋದಳು. ನನಗೂ ಅದನ್ನು ಕೈಯಲ್ಲಿ ಹಿಡಿದುಕೊಳ್ಳಲು ಆಗುತ್ತಿಲ್ಲ.

ಉಸ್ತಾದರೇ, ನಾನು ಮನೆಗೆ ಬಂದ ಮೇಲೆ ಅವರು ಒಂಬತ್ತು ದಿನ ಇದ್ದರು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಮದುವೆಯಲ್ಲಿ ಒಂದು ಲೋಟ ನೀರು ಕೊಡಲಾರದೆ ನಿಂತ ನನ್ನ ಕಾಲುಗಳನ್ನು ನಾನು ಎಲ್ಲಿಗೆ ಹೋದರೂ ಎಳೆದುಕೊಂಡೇ ಹೋಗಬೇಕು.

ಬಿಡುವವನು ಬದಲಿ ಕೊಟ್ಟು ಬಿಡಬೇಕು. ಅಬ್ಬಾ ಕೊಡದೆ ಹೋದರು. ಅವರ ಬದಲಿ ನಾನು. ಶ್ರಾವಣದಿಂದ ಕ್ಲಾರಿನೆಟ್ ನನಗೆ ಕೊಡಬೇಕೆಂದು ವಿನಯದಿಂದ ಬೇಡಿಕೊಳ್ಳುತ್ತೇನೆ. ಬ್ಯಾಂಕಿನ ಪರೀಕ್ಷೆಗೆ ಅರ್ಜಿ ಹಾಕಬೇಕೆಂದಿದ್ದೆ, ಹಾಕುವುದಿಲ್ಲ. ಕೋಟು ನಮ್ಮ ಮನೆಯಲ್ಲಿ ಕಾಣಿಸಲಿಲ್ಲ, ನಿಮ್ಮಲ್ಲಿರಬಹುದು. ಹಿಡಿದು ಹೊಲಿದ ಹೆಗಲನ್ನು ಅಮ್ಮಿಯ ಕೈಯಲ್ಲಿ ಬಿಚ್ಚಿಸಿಕೊಳ್ಳುತ್ತೇನೆ.

ತಮ್ಮ ವಿಧೇಯ,
ಶಬ್ಬೀರ್

*

ಹರಿಹರ
೧೮-೭-೧೯೭೯

ಶಬ್ಬೀರನಿಗೆ ದುವಾ.

ನಿನ್ನ ಕಾಗದ ಬಂತು. ಈ ಸಲವೂ ಮರ್ಯಾದೆಗೆ ಏನೂ ಕೊರತೆಯಿಲ್ಲ. ಆದರೆ ಈ ಸಲ ಬೈಯುವುದಕ್ಕೆ ಜಾಗ ಸಿಕ್ಕಿದೆ. ನಿಮ್ಮಪ್ಪ ಬದಲಿ ಕೊಡದೆ ಹೋದ ಎಂದು ಬರೆದಿದ್ದೀಯಲ್ಲ, ನಿನಗೆ ಬುದ್ಧಿ ಇದೆಯೇನೋ? ಮಕ್ತುಮ್ ಅಂಥ ಮನುಷ್ಯನೇ?

ಆನಗೋಡಿನ ಅಮೀರ್ ಜಾನ್ ಎಂದು ನಿನಗೆ ಸುಳ್ಳು ಬರೆದ ವಾರವೇ ಅವನು ಬಸ್ಸು ಹತ್ತಿ ಆನಗೋಡಿಗೆ ಹೋದ. ಆ ಹೆಸರಿನವನೊಬ್ಬ ನಿಜಕ್ಕೂ ಇದ್ದಾನೆ, ಮಂಡಕ್ಕಿ ಭಟ್ಟಿಯವನು, ಅವನನ್ನು ಹುಡುಕಿ ಕರೆತಂದ. "ಮಗನ ಮುಂದೆ ಸುಳ್ಳು ಹೇಳಿದ್ದೀನಿ ಗೌಸ್ ಭಾಯಿ, ಆಷಾಢದೊಳಗ ಅದನ್ನ ನಿಜ ಮಾಡ್ಬೇಕು" ಅಂದ. ಮಧ್ಯಾಹ್ನ ಹೊಳೆಯ ದಂಡೆಯಲ್ಲಿ ಕೂರಿಸಿಕೊಂಡು ಕಲಿಸಿದ. ಮದುವೆಗೆ ಊದಿ ಉಳಿದದ್ದನ್ನು ಅಲ್ಲಿ ಊದಿ ಮುಗಿಸಿದ. ನಾನು ಹೋಗಿ "ಸಾಯ್ತೀಯೋ ಮಕ್ತುಮ್, ಸಾಕು ಮಾಡೋ" ಎಂದರೆ, "ನಾನು ಬಿದ್ದ ಮರುದಿನ ನೀನು ಶಬ್ಬೀರನ ಬಾಗಿಲಿಗೆ ಹೋಗಬಾರದು, ಅದಕ್ಕ" ಅಂದ. ಮಲಗಿದ ಮೇಲೆ ದನಿ ಇಲ್ಲ, ಊದುವ ಮಾತೇ ಇಲ್ಲ. ಮಂಚದ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದ. ನೋಡಲು ಬಂದವರ ನಡುವೆ ಗೋಡೆಗೆ ಒರಗಿ ಕೂತಿರುತ್ತಿದ್ದನಲ್ಲ, ಸಣಕಲು ಮನುಷ್ಯ, ಕೈಯ ಮೇಲೆಲ್ಲ ಸುಟ್ಟ ಕಲೆ? ಅವನೇ. ಕೋಟು ಅವನ ಹತ್ತಿರ ಇದೆ. ಬಿಚ್ಚಿ ಹೊಲಿಯುವುದೇನೂ ಬೇಕಾಗಲಿಲ್ಲ, ನಿನ್ನಮ್ಮನ ಹೊಲಿಗೆ ಅವನಿಗೆ ಸರಿಯಾಗಿ ಕೂತಿದೆ.

ಆದ್ದರಿಂದ ನಿನಗೆ ನಮ್ಮ ಸೆಟ್ಟಿನಲ್ಲಿ ಜಾಗವಿಲ್ಲ. ಬ್ಯಾಂಕಿನ ಅರ್ಜಿ ಹಾಕು. ಹಾಕದಿದ್ದರೆ ನಾನೇ ಬಂದು ಕೈಹಿಡಿದು ಹಾಕಿಸುತ್ತೇನೆ.

ಇನ್ನೊಂದು ಮಾತು ಇದೆ. ಬರೆಯುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ. ಜೂನಿನಲ್ಲಿ ಅಮೀರ್ ಜಾನ್ ನಮ್ಮ ಜೊತೆ ಕೆಲವು ಮದುವೆಗಳಿಗೆ ಬಂದ. ಹಾಡು ಹಿಡಿದ. ಎರಡನೇ ಸಾಲಿನ ನಡುವೆ ನಿಂತುಬಿಟ್ಟ. ಮೇಲಿನ ಸ್ವರದ ಹತ್ತಿರ ಮತ್ತೆ ನಿಂತ. ದಮ್ಮು ಸಾಲದೇನೋ ಅಂದುಕೊಂಡೆವು. ಭಟ್ಟಿ ಊದಿ ಬೆಳೆದವನಿಗೆ ದಮ್ಮಿಗೇನು ಕಡಿಮೆ? ಆಮೇಲೆ ನನಗೆ ಹೊಳೆಯಿತು. ಅವನು ಆ ಹಾಡುಗಳನ್ನು ಕೇಳಿದ್ದು ನಿಮ್ಮಪ್ಪನ ಬಾಯಲ್ಲಿ ಮಾತ್ರ, ಅದೂ ಈ ವರ್ಷ. ಮಕ್ತುಮ್‌ನ ಉಸಿರು ಎಲ್ಲೆಲ್ಲಿ ನಿಲ್ಲುತ್ತಿತ್ತೋ ಅಲ್ಲೆಲ್ಲ ಇವನೂ ನಿಲ್ಲಿಸುತ್ತಾನೆ. ಹಾಡು ಇರುವುದೇ ಹಾಗೆ ಎಂದು ತಿಳಿದಿದ್ದಾನೆ.

ನಾನು ತಿದ್ದಿಲ್ಲ. ಉಜ್ಜನಪ್ಪನೂ ಡ್ರಮ್ಮು ಬಡಿದು ಮುಚ್ಚುವುದನ್ನು ಬಿಟ್ಟಿದ್ದಾನೆ. ಆ ಜಾಗಗಳು ಬಂದಾಗ ಈಗ ಎಲ್ಲರೂ ನಿಲ್ಲುತ್ತೇವೆ. ನೀನು ಬಂದರೆ ಅಲ್ಲಿ ನಿಲ್ಲದೆ ಊದಿಬಿಡುತ್ತೀಯ.

ಬರಬೇಡ.

ಗೌಸ್ ಪೀರ್